ಗೇಟಿನ ಮುಂದೆ ಸ್ಕೂಟರ್

ಜೂನ್ ೪, ಮಂಗಳವಾರ

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನರಿಗೆ ಇವತ್ತು ಹೇಳಿಯೇಬಿಟ್ಟೆ. ಬಾಗಿಲು ಹಾಕಿ ಎಂದೆ. ಮನುಷ್ಯ ಮೊದಲು ನಕ್ಕರು, ಆಮೇಲೆ ನೀರು ಕುಡಿದರು, ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಒರೆಸಿದ್ದೇ ಒರೆಸಿದ್ದು. ಅಳು ಬಂದ ಗಂಡಸಿಗೆ ಕನ್ನಡಕ ಇದ್ದರೆ ಎಷ್ಟು ಅನುಕೂಲ!

ವಾಹನ ಕೊಳ್ಳುವವರಿಲ್ಲ. ದೊಡ್ಡ ಕಂಪನಿ ಆರ್ಡರ್ ಇಳಿಸಿತು. ಅದಕ್ಕೆ ಬಿಡಿಭಾಗ ಮಾಡುವವರು, ಬಿಡಿಭಾಗಕ್ಕೆ ಬಣ್ಣ ಹೊಡೆಯುವವರು, ಬಣ್ಣ ಹೊಡೆದದ್ದನ್ನು ತುಂಬಲು ಪೆಟ್ಟಿಗೆ ಮಾಡುವವರು, ಒಬ್ಬರ ಹಿಂದೆ ಒಬ್ಬರು ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದಾರೆ. ಇಷ್ಟು ವರ್ಷ ಇವರ ತೆರಿಗೆ ಲೆಕ್ಕ ಬರೆದವನು ನಾನು. ಈಗ ಇವರ ಕಾರ್ಖಾನೆ ಮುಚ್ಚಿಸುವ ಕೆಲಸವೂ ನನ್ನದೇ.

ನಾನು ಎಲ್ಲರಿಗೂ ಹೇಳುವುದು ಒಂದೇ. ಮಷೀನುಗಳನ್ನು ಓಡುತ್ತಿರುವಾಗಲೇ ಮಾರಿ. ಓಡುವ ಮಷೀನಿಗೊಂದು ಬೆಲೆ, ನಿಂತದ್ದಕ್ಕೆ ಗುಜರಿ ಬೆಲೆ. ಬ್ಯಾಂಕಿನ ಸಾಲ ತೀರಿಸಿ, ಕೆಲಸಗಾರರ ಲೆಕ್ಕ ಚುಕ್ತಾ ಮಾಡಿ. ಹೆಂಡತಿಗೆ ಇವತ್ತೇ ಹೇಳಿ. ಮತ್ತೆ, ನನ್ನ ಫೀಸು ಮುಂಗಡ. ಬೇರೆ ಕೆಲಸಕ್ಕೆಲ್ಲ ಆಮೇಲೆ ಕೊಟ್ಟರೂ ನಡೆಯುತ್ತದೆ, ಮುಚ್ಚುವ ಕೆಲಸಕ್ಕೆ ಮಾತ್ರ ಮುಂಗಡ. ಮುಚ್ಚಿದ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಮನೆಗೆ ಬಂದು ಹೇಳಿದರೆ ಇವಳು, "ಸ್ವಲ್ಪ ಮೆತ್ತಗೆ ಹೇಳಬಾರದಿತ್ತೇನ್ರೀ?" ಎಂದಳು. ಮೆತ್ತಗೆ ಹೇಳುವವರು ಊರ ತುಂಬ ಇದ್ದಾರೆ. ಅವರ ಮಾತು ಕೇಳಿ ಮನೆ ಮಠ ಕಳೆದುಕೊಂಡವರೂ ಊರ ತುಂಬ ಇದ್ದಾರೆ.

ಜೂನ್ ೧೯

ನನಗೆ ಅಡ್ಡಹೆಸರು ಬಿದ್ದಿದೆ. ಬೀಗದ ಸಾರ್!

ಗೊತ್ತಾದದ್ದು ಕೈಗಾರಿಕಾ ಬಡಾವಣೆಯ ಟೀ ಅಂಗಡಿಯಲ್ಲಿ. ಬೆನ್ನ ಹಿಂದೆ ಇಬ್ಬರು ಡ್ರೈವರುಗಳು ಮಾತಾಡಿಕೊಳ್ಳುತ್ತಿದ್ದರು. "ಬಣ್ಣದ ಕಾರ್ಖಾನೆ ಮುಂದೆ ನಿನ್ನೆ ಹಸಿರು ಸ್ಕೂಟರ್ ನಿಂತಿತ್ತು ಕಣೋ." "ಹಾಗಾದ್ರೆ ಅದೂ ಹೋಯ್ತು ಬಿಡು. ಬೀಗದ ಸಾರ್ ಬಂದ್ರು ಅಂದ್ರೆ ಮುಗೀತು." ನಾನು ತಿರುಗಿ ನೋಡಿದೆ. ಇಬ್ಬರೂ ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಮನಸ್ಸಿನೊಳಗೇ ನಕ್ಕುಬಿಟ್ಟೆ, ಸುಳ್ಳು ಹೇಳಲಾರೆ. ಸ್ವಲ್ಪ ಹೆಮ್ಮೆಯೂ ಆಯಿತು. ಆಫೀಸಿಗೆ ಬಂದು ಮೇಡಂಗೆ ಹೇಳಿದೆ. ನನ್ನ ಆಫೀಸಿನಲ್ಲಿ ನಾನು ಮತ್ತು ಮೇಡಂ ಇಬ್ಬರೇ. ಅವರು ಲೆಕ್ಕ ಬರೆಯುತ್ತಾರೆ, ಟೈಪು ಮಾಡುತ್ತಾರೆ, ನಾನು ತಪ್ಪಿದಾಗ ಮುಖ ನೋಡದೆ ತಿದ್ದುತ್ತಾರೆ. "ನಗೋ ವಿಷಯ ಅಲ್ಲ ಸಾರ್," ಎಂದರು. "ಮುಚ್ಚಿದ ಒಂದೊಂದು ಕಾರ್ಖಾನೇನೂ ನಮ್ಮ ಒಬ್ಬೊಬ್ಬ ಗಿರಾಕಿ."

ಜುಲೈ ೧

ಭಾವನ ಲೆಕ್ಕ ನೋಡಿದೆ. ಅಕ್ಕನ ಗಂಡ ಎಂದು ಇಷ್ಟು ದಿನ ಕೊನೆಗೆ ಇಟ್ಟುಕೊಂಡಿದ್ದೆ. ನೋಡಿ ಊಟ ಸೇರಲಿಲ್ಲ.

ಭಾವನದು ಲೇತ್ ಮಷೀನುಗಳ ಕಾರ್ಖಾನೆ. ವಾಹನದ ಗೇರುಗಳಿಗೆ ಉಕ್ಕು ಕಡೆದು ಆ ದೊಡ್ಡ ಕಂಪನಿಗೇ ಕೊಡುತ್ತಾರೆ. ಬೇರೆ ಗಿರಾಕಿಯೇ ಇಲ್ಲ. ಆರ್ಡರ್ ಅರ್ಧಕ್ಕೆ ಇಳಿದಿದೆ, ಇನ್ನೂ ಇಳಿಯುತ್ತದೆ. ಮಷೀನು ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಮಾಡುವಾಗ ಮನೆಯನ್ನು ಅಡವಿಟ್ಟಿದ್ದಾರೆ. ಆ ಪತ್ರಕ್ಕೆ ಸಾಕ್ಷಿ ಹಾಕಿದವನು ನಾನೇ.

ಆ ಮನೆ ಕಟ್ಟುವಾಗ ಅಕ್ಕ ಬೆಳಿಗ್ಗೆ ಸಂಜೆ ತಾನೇ ಪೈಪು ಹಿಡಿದು ಗೋಡೆಗಳಿಗೆ ನೀರು ಹಾಕುತ್ತಿದ್ದಳು. ಮೇಸ್ತ್ರಿಯನ್ನು ನಂಬುತ್ತಿರಲಿಲ್ಲ. ಗೋಡೆ ಚೆನ್ನಾಗಿ ನೀರು ಕುಡಿಯದಿದ್ದರೆ ಬಿರುಕು ಬಿಡುತ್ತದಂತೆ. ಇವತ್ತಿಗೂ ಆ ಮನೆಯಲ್ಲಿ ಒಂದು ಬಿರುಕಿಲ್ಲ.

ಎರಡು ಸಲ ಕೂಡಿ ಕಳೆದು ನೋಡಿದೆ. ಈಗಲೇ, ಈ ತಿಂಗಳೇ ಮುಚ್ಚಿದರೆ ಮಷೀನು ಮಾರಿದ ದುಡ್ಡಲ್ಲಿ ಬ್ಯಾಂಕಿನ ಸಾಲ ತೀರುತ್ತದೆ, ಕೆಲಸಗಾರರ ಲೆಕ್ಕ ಮುಗಿಯುತ್ತದೆ, ಮನೆ ಉಳಿಯುತ್ತದೆ. ತಡ ಮಾಡಿದರೆ ಉಳಿಯುವುದಿಲ್ಲ. ಗುರುವಾರ ಕಾರ್ಖಾನೆಗೇ ಹೋಗಿ ಹೇಳುತ್ತೇನೆ. ಭಾವ ಎಂದು ಮುಲಾಜು ಮಾಡುವುದಿಲ್ಲ.

ಜುಲೈ ೪, ಗುರುವಾರ

ಹೋಗಿದ್ದೆ. ಹೇಳಲಾಗಲಿಲ್ಲ.

ಸ್ಕೂಟರನ್ನು ಗೇಟಿನ ಮುಂದೆ, ಬೇವಿನ ಮರದ ನೆರಳಿಗೆ ನಿಲ್ಲಿಸಿ ಒಳಗೆ ಹೋದೆ. "ಏನಯ್ಯಾ, ಬೀಗ ತಂದಿದ್ದೀಯಾ?" ಎಂದು ಭಾವ ಜೋರಾಗಿ ನಕ್ಕರು. ಅವರಿಗೂ ಅಡ್ಡಹೆಸರು ಮುಟ್ಟಿದೆ. ಮಷೀನುಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಅವರ ಗಾಜಿನ ಕೋಣೆಗೆ ಹೋದೆವು. ಟೀ ಬಂತು. ನಾನು ಬ್ಯಾಗಿನಿಂದ ಕಾಗದ ತೆಗೆಯುವಷ್ಟರಲ್ಲಿ ಫೋನು.

"ಏ ಇಲ್ಲಪ್ಪ... ಅವನು ನಮ್ಮ ಭಾಮೈದ ಅಲ್ವಾ? ಸುಮ್ನೆ ಬಂದಿದ್ದಾನೆ, ಟೀ ಕುಡಿಯೋಕೆ... ಛೇ, ಛೇ, ಹಾಗೇನಿಲ್ಲ... ಕ್ಯಾಶಾ? ಇಷ್ಟು ವರ್ಷ ಇಲ್ದೇ ಇದ್ದದ್ದು ಇವತ್ಯಾಕೆ?"

ಉಕ್ಕಿನ ವ್ಯಾಪಾರಿ. ಅವನ ಲಾರಿ ಡ್ರೈವರು ಗೇಟಿನ ಮುಂದೆ ನನ್ನ ಸ್ಕೂಟರ್ ನೋಡಿ ಅಲ್ಲಿಂದಲೇ ವರದಿ ಒಪ್ಪಿಸಿದ್ದಾನೆ. ಇನ್ನು ಮೇಲೆ ದುಡ್ಡು ಮೊದಲು, ಮಾಲು ಆಮೇಲೆ. ನಾನು ಟೀ ಲೋಟ ಹಿಡಿದು ಕೂತಿರುವಾಗಲೇ ಭಾವನ ಸಾಲದ ಮಾಲು ನಿಂತುಹೋಯಿತು.

ಭಾವ ಫೋನು ಇಟ್ಟು, "ಜನಕ್ಕೆ ಮಾಡೋಕೆ ಕೆಲಸ ಇಲ್ಲ" ಎಂದರು. ಮುಖ ಮಾತ್ರ ಸುಣ್ಣದ ಹಾಗೆ ಆಗಿತ್ತು. ಆ ಮುಖ ನೋಡಿಕೊಂಡು ಬಾಗಿಲು ಹಾಕಿ ಎನ್ನುವುದು ಹೇಗೆ? ಕಾಗದ ಬ್ಯಾಗಿನಲ್ಲೇ ಉಳಿಯಿತು. ನನ್ನಿಂದ ಹೀಗಾಯಿತಲ್ಲ!

ಜುಲೈ ೫

ಅಕ್ಕನ ಫೋನು. ಮಾತಿಗೆ ಮೊದಲು ಅದೂ ಇದೂ ಕೇಳಿದಳು, ಇವಳ ಮಂಡಿನೋವು, ನನ್ನ ನಿದ್ದೆ. ಆಮೇಲೆ, "ಪುಟ್ಟಣ್ಣ, ಬೇಜಾರು ಮಾಡ್ಕೋಬೇಡ. ಸ್ವಲ್ಪ ದಿನ ಕಾರ್ಖಾನೆ ಕಡೆ ಬರ್ಬೇಡ ಕಣೋ. ಜನ ಏನೇನೋ ಅಂದ್ಕೊಳ್ತಾರೆ. ಲೆಕ್ಕದ ಕಾಗದ ಎಲ್ಲ ಡ್ರೈವರ್ ಕೈಲಿ ಕಳಿಸ್ತೀವಿ."

ಪುಟ್ಟಣ್ಣ ಎಂದು ಕರೆಯುವವಳು ಈ ಪ್ರಪಂಚದಲ್ಲಿ ಅವಳೊಬ್ಬಳೇ. ಆಗಲಿ ಅಕ್ಕ ಎಂದೆ. ಅವರ ಒಳ್ಳೆಯದಕ್ಕೇ ಅಲ್ಲವೇ? ನಾನು ಹೋಗದೇ ಇರುವುದೇ ಅವರಿಗೆ ಉಪಕಾರ ಎನ್ನುವುದಾದರೆ ಹಾಗೇ ಆಗಲಿ. ಹಗುರಾಗಿ ಒಂದು ನಿದ್ದೆ ತೆಗೆದೆ.

ಜುಲೈ ೨೨

ಈಗ ಯಾರೂ ನನ್ನನ್ನು ಗೇಟಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. "ಸಾರ್, ಸ್ಕೂಟರ್ ಪೆಟ್ರೋಲ್ ಬಂಕ್ ಹತ್ರ ನಿಲ್ಲಿಸಿ ನಡ್ಕೊಂಡು ಬನ್ನಿ." "ಸಾರ್, ಹಿಂದಿನ ಬಾಗಿಲಿಂದ ಬನ್ನಿ." ಕಳ್ಳನೂ ಇಷ್ಟು ಸುತ್ತಿಕೊಂಡು ಹೋಗಲಿಕ್ಕಿಲ್ಲ. ಇವಳು ಸ್ಕೂಟರಿಗೆ ಬೇರೆ ಬಣ್ಣ ಹೊಡೆಸಿ ಎಂದಳು. ಬಣ್ಣದ ಕಾರ್ಖಾನೆ ಮುಚ್ಚಿಸಿದವನು ನಾನೇ, ಎಲ್ಲಿ ಹೊಡೆಸಲಿ?

ಫೀಸಿನ ಬದಲು ಸಾಮಾನು ಬರುತ್ತಿದೆ. ಪ್ಲಾಸ್ಟಿಕ್ ಅಚ್ಚಿನವರು ತಿರುಗುವ ಕುರ್ಚಿಗಳನ್ನು ಕಳಿಸಿದರು. ಸ್ಪ್ರಿಂಗಿನವರು ಗೋಡೆ ಗಡಿಯಾರ, ತೂಕದ ಯಂತ್ರ. ಆಫೀಸಿನಲ್ಲಿ ಕುರ್ಚಿಗೆ ಕುರ್ಚಿ ತಾಗುತ್ತಿದೆ, ಕೂರುವವರಿಲ್ಲ. ಮೇಡಂಗೆ ಈ ತಿಂಗಳು ಅರ್ಧ ಸಂಬಳ ಕೊಟ್ಟೆ. ಮುಂದಿನ ತಿಂಗಳು ಸರಿಹೋಗುತ್ತದೆ ಎಂದೆ. ಸರಿಹೋಗಬಹುದು.

ಆಗಸ್ಟ್ ೧

ಭಾವನ ಫೀಸು ಬಂತು. ಎಂದಿನಂತೆ ಒಂದನೇ ತಾರೀಖಿಗೇ, ಪೂರ್ತಿ, ದುಡ್ಡಿನ ರೂಪದಲ್ಲಿ. ಈಗ ಹೀಗೆ ಕೊಡುವವರು ಅವರೊಬ್ಬರೇ. ಅದರಲ್ಲೇ ಆಫೀಸಿನ ಬಾಡಿಗೆ ಕಟ್ಟಿದೆ.

ಡ್ರೈವರು ತಂದ ಕಾಗದಗಳನ್ನೂ ನೋಡಿದೆ. ಹಳೆಯ ಮಷೀನು ಕೊಳ್ಳುವ ವ್ಯಾಪಾರಿಯನ್ನು ಸುಮ್ಮನೆ ವಿಚಾರಿಸಿದೆ. ಎಲ್ಲರೂ ಮಾರುವವರೇ ಆದರೆ ಬೆಲೆ ಎಲ್ಲಿಂದ ಬರಬೇಕು ಸಾರ್ ಎಂದ. ಈಗ ಮಾರಿದರೂ ಮನೆ ಉಳಿಯುತ್ತದೆ, ಅಂಚಿನಲ್ಲಿ. ಫೋನಿನಲ್ಲಾದರೂ ಹೇಳಬೇಕು. ಇಂಥದ್ದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ. ಮುಖಾಮುಖಿ ಸಿಕ್ಕಾಗ ಹೇಳಿದರಾಯಿತು.

ಆಗಸ್ಟ್ ೧೮, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಸ್ಕೂಟರ್ ಬೇಡವೆಂದು ಬಸ್ಸಿನಲ್ಲೇ ಹೋದೆವು.

ಅಕ್ಕ ಹಿತ್ತಿಲ ಕಡೆ ಇನ್ನೊಂದು ಕೋಣೆ ಕಟ್ಟಿಸುವ ಮಾತಾಡುತ್ತಿದ್ದಳು. ಮುಂದಿನ ವರ್ಷವಂತೆ. ಎಲ್ಲಿ ಕಿಟಕಿ, ಎಲ್ಲಿ ಬಾಗಿಲು ಎಂದು ಕೈಯಲ್ಲೇ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು. ಊಟವಾದ ಮೇಲೆ ಭಾವ ನನ್ನನ್ನು ಜಗಲಿಗೆ ಕರೆದರು.

"ನೀನು ಊರಿಗೆಲ್ಲ ನೆಟ್ಟಗೆ ಹೇಳ್ತೀಯ. ನಂಗೂ ಹೇಳು. ನಿನ್ನ ಕಣ್ಣಿಗೆ ಹೇಗೆ ಕಾಣುತ್ತೆ?"

ಒಳಗೆ ಅಕ್ಕ ಮತ್ತು ಇವಳು ಏನೋ ಹೇಳಿಕೊಂಡು ನಗುತ್ತಿದ್ದರು.

"ಆರ್ಡರ್ ಮತ್ತೆ ಬರಬಹುದು ಭಾವ. ಇನ್ನೊಂದು ಮೂರು ತಿಂಗಳು ನೋಡೋಣ," ಎಂದೆ.

ಭಾವನ ಬಿಗಿದಿದ್ದ ಭುಜ ಸಡಿಲಾಯಿತು. "ಅಬ್ಬ! ನೀನೇ ಹಾಗಂದ್ರೆ ನಂಗೆ ಧೈರ್ಯ ಬಂತು ನೋಡು. ನಾನು ಮುಚ್ಚಿಬಿಡೋಣ ಅಂತಲೇ ಯೋಚನೆ ಮಾಡ್ತಿದ್ದೆ."

ಆರ್ಡರ್ ಬರುವುದಿಲ್ಲ ಎಂದು ಯಾರೂ ಬರೆದು ಕೊಟ್ಟಿಲ್ಲವಲ್ಲ. ಬಂದರೂ ಬರಬಹುದು. ಅದೂ ಅಲ್ಲದೆ ಊಟಕ್ಕೆ ಕರೆದವರ ಮನೆಯಲ್ಲಿ ಕೂತು ಎಂಥ ಮಾತು ಆಡುವುದು? ಬಸ್ಸಿನಲ್ಲಿ ಇವಳು, "ಭಾವ ಏನು ಕೇಳಿದ್ರು?" ಎಂದಳು. ಏನಿಲ್ಲ ಎಂದೆ. ಕಿಟಕಿಯ ಕಡೆ ತಿರುಗಿ ಕೂತಳು.

ಸೆಪ್ಟೆಂಬರ್ ೧

ಭಾವನ ಫೀಸು ಬಂತು. ಬಾಡಿಗೆ ಕಟ್ಟಿದೆ.

ಸೆಪ್ಟೆಂಬರ್ ೧೨

ರಸ್ತೆಯಲ್ಲಿ ಯಾರೋ ವ್ಯಾನು ನಿಲ್ಲಿಸಿ ಸಾರ್ ಎಂದರು. ನೋಡಿದರೆ ರಟ್ಟಿನ ಪೆಟ್ಟಿಗೆ ಯಜಮಾನರು. ಈಗ ಯಾರದೋ ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸುತ್ತಾರಂತೆ. ಯಜಮಾನಿಕೆ ಹೋಗಿದೆ, ಹೊಟ್ಟೆಯೂ ಸ್ವಲ್ಪ ಕರಗಿದೆ, ಕನ್ನಡಕ ಅದೇ.

"ಅವತ್ತು ನೀವು ಹಾಗೆ ಬಡಿದ ಹಾಗೆ ಹೇಳಿದ್ದಕ್ಕೆ ನಿಮ್ಮ ಮೇಲೆ ಕೆಂಡದಂಥ ಕೋಪ ಬಂದಿತ್ತು ಸಾರ್. ಈಗ ಮಕ್ಕಳು ಸ್ವಂತ ಸೂರಿನ ಕೆಳಗೆ ಮಲಗ್ತಾರೆ. ಅದು ನಿಮ್ಮಿಂದ." ಕೈ ಹಿಡಿದುಕೊಂಡರು. ಬಿಡಲೇ ಇಲ್ಲ.

ನನಗೆ ಯಾಕೋ ತಡೆಯಲಾಗಲಿಲ್ಲ. ಅವಸರ ಇದೆ ಎಂದು ಕೈ ಬಿಡಿಸಿಕೊಂಡು ಬಂದೆ. ಬಿಸಿಲು ಬಹಳ ಇತ್ತು.

ಸೆಪ್ಟೆಂಬರ್ ೨೫

ಸ್ಕ್ರೂ ಮಾಡುವವರು ಸಲಹೆ ಕೇಳಲು ಬಂದಿದ್ದರು. ಇನ್ನೊಂದು ಸ್ವಲ್ಪ ನೋಡೋಣ ಎಂದೆ. ಖುಷಿಯಿಂದ ಹೋದರು. ಲೆಕ್ಕ ಬರೆಯುವ ಕೆಲಸ ನನ್ನಲ್ಲೇ ಮುಂದುವರಿಯುತ್ತದೆ. ಜನರಿಗೆ ಬೇಕಾದದ್ದು ಒಂದಿಷ್ಟು ಧೈರ್ಯ. ನಾನು ಮೊದಲೆಲ್ಲ ತುಂಬ ಒರಟಾಗಿದ್ದೆ ಅನ್ನಿಸುತ್ತದೆ. ಇವಳು ಹೇಳುವುದು ಸರಿ.

ಅಕ್ಟೋಬರ್ ೯

ಮೇಡಂ ಕೆಲಸ ಬಿಟ್ಟರು.

ಮೂರು ತಿಂಗಳಿಂದ ಅರ್ಧ ಸಂಬಳ. ಪ್ರತಿ ತಿಂಗಳೂ ಮುಂದಿನ ತಿಂಗಳು ಸರಿಹೋಗುತ್ತದೆ ಎಂದು ನಾನು ಹೇಳಿದ್ದು ನಿಜ. ಮೇಜಿನ ಮೇಲೆ ಬೀಗದ ಕೈ ಇಟ್ಟು ನಿಂತೇ ಮಾತಾಡಿದರು. ಸುತ್ತ ಅಷ್ಟು ಕುರ್ಚಿ ಇದ್ದರೂ ಕೂರಲಿಲ್ಲ.

"ಜೂನ್‌ನಲ್ಲೇ ನಿಮಗೆ ಗೊತ್ತಿತ್ತು, ಇಬ್ಬರ ಹೊಟ್ಟೆಗೆ ಈ ಆಫೀಸು ಸಾಕಾಗಲ್ಲ ಅಂತ. ಜುಲೈನಲ್ಲಿ ಆಸ್ಪತ್ರೆಯ ಲೆಕ್ಕ ವಿಭಾಗಕ್ಕೆ ನನ್ನ ಕರೆದಿದ್ರು. ನಿಮ್ಮ ಮಾತು ನಂಬಿ ಬೇಡ ಅಂದೆ. ಈಗ ಅಲ್ಲೂ ಇಲ್ಲ. ಬೇರೆಯವರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ರಲ್ಲ ಸಾರ್. ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

ಎಷ್ಟು ವರ್ಷ ಜೊತೆಗಿದ್ದವರು! ಇಂಥ ಮಾತು ಆಡುತ್ತಾರೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕಷ್ಟಕಾಲದಲ್ಲಿ ಜನ ಕಹಿಯಾಗುತ್ತಾರೆ. ಒಂದು ತಿರುಗುವ ಕುರ್ಚಿ ತೆಗೆದುಕೊಂಡು ಹೋಗಿ ಎಂದೆ. ಬೇಡ ಎಂದರು.

ನವೆಂಬರ್ ೧

ಭಾವನ ಫೀಸು ಬಂತು. ಈ ಸಲ ಲಕೋಟೆಯಲ್ಲಿ ಚಿಲ್ಲರೆ ನೋಟುಗಳೇ ಹೆಚ್ಚು.

ನವೆಂಬರ್ ೬

ದೊಡ್ಡ ಕಂಪನಿ ಆರ್ಡರ್ ಪೂರಾ ನಿಲ್ಲಿಸಿದೆ. ಭಾವನಿಗೆ ಮಾತ್ರವಲ್ಲ, ಎಲ್ಲರಿಗೂ. ಇನ್ನೊಂದು ವರ್ಷ ಏನೂ ಬೇಡವಂತೆ.

ನವೆಂಬರ್ ೧೪

ಬ್ಯಾಂಕಿನವರು ಭಾವನ ಕಾರ್ಖಾನೆಗೆ ಬಂದು ಹೋದರಂತೆ. ಹಳೆಯ ಮಷೀನಿನ ವ್ಯಾಪಾರಿಗೆ ಫೋನು ಮಾಡಿದೆ. "ಈಗ ಮಷೀನು ಅಂತ ಯಾರೂ ತಗೊಳ್ಳಲ್ಲ ಸಾರ್. ತೂಕಕ್ಕೆ ಹಾಕಿದ್ರೆ ತಗೋತೀನಿ." ತೂಕಕ್ಕೆ ಹಾಕಿದರೆ ಸಾಲದ ಕಾಲು ಭಾಗವೂ ತೀರುವುದಿಲ್ಲ. ಮತ್ತೆ ಮತ್ತೆ ಕೂಡಿ ನೋಡಿದೆ. ಹೇಗೆ ಕೂಡಿದರೂ ಮನೆ ಉಳಿಯುತ್ತಿಲ್ಲ.

ಊಟ ಬೇಡ ಎಂದೆ. ಇವಳು ಯಾಕೆ ಎಂದು ಕೇಳಲಿಲ್ಲ.

ನವೆಂಬರ್ ೨೮, ಗುರುವಾರ

ಬೆಳಿಗ್ಗೆ ಭಾವನ ಫೋನು. "ಬಾರಯ್ಯ. ಮುಚ್ಚೋಣ. ನೀನೇ ನಿಂತು ಮಾಡಿಸು."

ಅಭ್ಯಾಸಬಲದಿಂದ ಸ್ಕೂಟರನ್ನು ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ ನಡೆದು ಹೋದೆ. ಗೇಟಿನಲ್ಲಿ ಭಾವನೇ ನಿಂತಿದ್ದರು. "ಸ್ಕೂಟರ್ ಎಲ್ಲಿ? ತಂದು ಇಲ್ಲೇ ನಿಲ್ಲಿಸು. ಇನ್ನು ಯಾರಿಗೆ ಹೆದರಬೇಕು?" ವಾಪಸು ಹೋಗಿ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಎದುರು ಸಾಲಿನ ಕಾರ್ಖಾನೆಗಳಿಂದ ಯಾರೂ ಇಣುಕಲಿಲ್ಲ. ಅಲ್ಲಿ ಯಾರೂ ಇಲ್ಲ.

ಮಷೀನುಗಳು ನಿಂತ ಮೇಲೆ ಶೆಡ್ಡು ಎಷ್ಟು ದೊಡ್ಡದು! ಮಾತಾಡಿದರೆ ಮಾತು ತಿರುಗಿ ಬರುತ್ತಿತ್ತು. ಕೆಲಸಗಾರರು ಸಾಲಾಗಿ ಬಂದು ಸಹಿ ಹಾಕಿ ದುಡ್ಡು ತೆಗೆದುಕೊಂಡರು. ಹಳೆಯ ಕೆಲಸಗಾರನೊಬ್ಬ ತನ್ನ ಲೇತಿನ ಹಿಡಿಕೆಯನ್ನು ಬಟ್ಟೆಯಿಂದ ಒರೆಸಿ, ಎಣ್ಣೆ ಬಿಟ್ಟು, ಆಮೇಲೆ ಬಂದು ಸಹಿ ಹಾಕಿದ. ನಾಳೆ ತೂಕಕ್ಕೆ ಹೋಗುವ ಮಷೀನು ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇವರ ಲೆಕ್ಕ ಚುಕ್ತಾ ಮಾಡಲು ಅಕ್ಕನ ಒಡವೆ ಹೋಗಿದೆ. ಅವಳೂ ಬಂದಿದ್ದಳು, ಖಾಲಿ ಕೊರಳು ನೋಡಿದಾಗಲೇ ಗೊತ್ತಾಯಿತು. ಮನೆ ಬ್ಯಾಂಕಿನವರ ಪಾಲು. ಮುಂದಿನ ತಿಂಗಳ ಕೊನೆಗೆ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುತ್ತಾರಂತೆ.

ಎಲ್ಲ ಮುಗಿದು ಭಾವ ಬ್ಯಾಂಕಿನವರ ಜೊತೆ ಒಳಗಿದ್ದಾಗ ಅಕ್ಕ ನನ್ನ ಜೊತೆ ಗೇಟಿನವರೆಗೂ ಬಂದಳು.

"ಪುಟ್ಟಣ್ಣ, ಒಂದು ಕೇಳ್ತೀನಿ, ಬೇಜಾರಿಲ್ಲ ತಾನೇ? ಮನೆ ಉಳಿಯಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಈ ತಿಂಗಳೇ ಅಕ್ಕ. ಆರ್ಡರ್ ಪೂರಾ ನಿಂತಾಗ."

ಜುಲೈ ಎಂದು ಹೇಳಿ ಈಗ ಯಾರಿಗೆ ಏನು ಪ್ರಯೋಜನ?

ಅಕ್ಕ ತಲೆಯಾಡಿಸಿದಳು. "ನಾನೂ ಅವರಿಗೆ ಅದನ್ನೇ ಹೇಳಿದೆ. ಗೊತ್ತಿದ್ದಿದ್ರೆ ಅವನು ಹೇಳದೇ ಇರ್ತಿದ್ನಾ, ಊರಿಗೆಲ್ಲ ಹೇಳೋನು ನಮಗೆ ಹೇಳಲ್ವಾ ಅಂತ. ಅವತ್ತು ಬರ್ಬೇಡ ಅಂದವಳು ನಾನು. ತಪ್ಪು ನಂದೇ ಕಣೋ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಪಾಪ, ಅವರು ಏನು ತಪ್ಪಿಸಿದ್ರೂ ನಿನ್ನ ಫೀಸು ಮಾತ್ರ ಒಂದು ತಿಂಗಳೂ ತಪ್ಪಿಸ್ಲಿಲ್ಲ. ಹಾಲಿನವನಿಗೆ ಬಾಕಿ ಹೇಳಿದ್ರು, ನಿಂಗೆ ಹೇಳ್ಲಿಲ್ಲ. ಅವನಿಗೂ ಸಂಸಾರ ಇದೆ ಅಂತಿದ್ರು."

ನಾನು ಸ್ಕೂಟರಿನ ಕನ್ನಡಿ ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಅಕ್ಕ ಸೊಂಟದಿಂದ ಒಂದು ಲಕೋಟೆ ತೆಗೆದಳು. "ಮುಚ್ಚೋ ಕೆಲಸಕ್ಕೆ ನೀನು ಮುಂಗಡ ತಗೋತೀಯಂತಲ್ಲ. ನಾವು ಮರೆತೇಬಿಟ್ವಿ, ಇವತ್ತು ಮುಗಿದ ಮೇಲೆ ನೆನಪಾಯ್ತು." ಸ್ಕೂಟರಿನ ಸೀಟಿನ ಮೇಲೆ ಇಟ್ಟು, ಗಾಳಿಗೆ ಹಾರದ ಹಾಗೆ ಕೈ ಒತ್ತಿ ಹಿಡಿದಳು.

ತೆಗೆದುಕೊಂಡೆ. ಬೇಡ ಎಂದಿದ್ದರೆ ಅಕ್ಕನಿಗೆ ಬೇಜಾರಾಗುತ್ತಿತ್ತು.